ಟೊಂಕ ನೋವೆಂದು ಸೂಜಿ ಹಾಕಿಸುವ ಮೊದಲು

(ಬೆನ್ನೆಲುಬಿನ ಕ್ಷಯ: ಸಂಶೋಧನೆ ಕಲಿಸಿದ ಪಾಠ, ಮನೆಯವರು ಮಾಡಬೇಕಾದ ಆರೈಕೆ)



ಹೊಲದಲ್ಲಿ ದುಡಿಯುವ ಮನೆಗಳಲ್ಲಿ ಟೊಂಕ ನೋವು ಇಲ್ಲದವರನ್ನು ಹುಡುಕುವುದು ಕಷ್ಟ. ಜಹೀರಾಬಾದಿನ ಕಡೆ ಕಬ್ಬು ಕಡಿದು ಹೊರೆ ಹೊರುವವರು, ಶುಂಠಿ, ಆಲೂಗಡ್ಡೆ ಅಗೆಯುವವರು; ನಾರಾಯಣಖೇಡದ ಕಡೆ ದಿನವಿಡೀ ಬಗ್ಗಿ ಕಳೆ ತೆಗೆಯುವ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು; ತಾಂಡೂರಿನ ಕಡೆ ತೊಗರಿ ರಾಶಿ ಮಾಡುವವರು, ಗಣಿಯಲ್ಲಿ ಫರಸಿ ಕಲ್ಲು ಎತ್ತುವವರು. ಎಲ್ಲರದೂ ಬೆನ್ನಿನ ಮೇಲೆ ನಿಂತ ಬದುಕು. ಆದ್ದರಿಂದಲೇ ಟೊಂಕ ನೋವನ್ನು ನಾವು ರೋಗವೆಂದು ಎಣಿಸುವುದಿಲ್ಲ. ಸಂತೆಗೆ ಹೋದ ದಿನ ಒಂದು ಸೂಜಿ ಹಾಕಿಸಿಕೊಳ್ಳುತ್ತೇವೆ, ನಾಲ್ಕು ಗುಳಿಗೆ ತರುತ್ತೇವೆ, ಮರುದಿನ ಮತ್ತೆ ಹೊಲಕ್ಕೆ ಇಳಿಯುತ್ತೇವೆ.

ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇದರಿಂದ ದೊಡ್ಡ ಅಪಾಯವೇನೂ ಇಲ್ಲ. ಆದರೆ ಉಳಿದ ಕೆಲವರ ನೋವಿನ ಹಿಂದೆ ಬೆನ್ನೆಲುಬಿನ ಕ್ಷಯ ಅಡಗಿರುತ್ತದೆ. ಅದನ್ನು ಬೇಗ ಗುರುತಿಸಿದರೆ ಮನೆಯಲ್ಲಿದ್ದೇ ಗುಳಿಗೆ ನುಂಗಿ ಗುಣವಾಗಬಹುದು. ತಡಮಾಡಿದರೆ ಬೆನ್ನು ಗೂನಾಗುತ್ತದೆ, ಕಾಲಿನ ಬಲವೂ ಹೋಗಬಹುದು. ಈ ಎರಡರ ನಡುವಿನ ಅಂತರ ಕೆಲವೇ ತಿಂಗಳು. ಆ ತಿಂಗಳುಗಳನ್ನು ಕಳೆದುಕೊಳ್ಳದಿರುವುದು ಹೇಗೆ ಎಂಬುದೇ ಈ ಸಲದ ಪಾಠ.

ಸಾಮಾನ್ಯ ಟೊಂಕ ನೋವು

ಭಾರ ಎತ್ತಿದಾಗ ಅಥವಾ ಬಹಳ ಹೊತ್ತು ಬಗ್ಗಿದಾಗ ಸ್ನಾಯು, ನರಕಟ್ಟು ಎಳೆದುಕೊಂಡು ನೋವು ಬರುತ್ತದೆ. ಮಲಗಿದರೆ ಇದು ಇಳಿಯುತ್ತದೆ, ಕೆಲಸ ಮಾಡಿದರೆ ಏರುತ್ತದೆ. ಜ್ವರ ಇರುವುದಿಲ್ಲ, ಊಟ ಎಂದಿನಂತೆ ಸೇರುತ್ತದೆ. ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದೊಳಗೆ ತಾನಾಗಿಯೇ ಕಡಿಮೆಯಾಗುತ್ತದೆ.

ಇಂಥ ನೋವಿಗೆ ವಾರಗಟ್ಟಲೆ ಹಾಸಿಗೆ ಹಿಡಿಯಬೇಕೆಂದು ಹಿಂದೆ ವೈದ್ಯರೂ ಹೇಳುತ್ತಿದ್ದರು. 1995ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದ ನೌಕರರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಟೊಂಕ ನೋವಿದ್ದ 186 ಜನರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳುವಷ್ಟು ಎಂದಿನ ಓಡಾಟ. ಬೇಗ ಚೇತರಿಸಿದವರು ಮೂರನೆಯ ಗುಂಪಿನವರು. ಆದ್ದರಿಂದ ಸಾಮಾನ್ಯ ನೋವಿದ್ದಾಗ ಭಾರ ಎತ್ತುವುದನ್ನು ಬಿಡಿ, ಓಡಾಟವನ್ನು ಬಿಡಬೇಡಿ. ಬಿಸಿನೀರಿನ ಶಾಖ ಕೊಡಬಹುದು. ಚೀಲ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ ಕುಳಿತು, ಚೀಲವನ್ನು ಮೈಗೆ ಒತ್ತಿಕೊಂಡು ಏಳಿ.

ಎಚ್ಚರಿಕೆಯ ಗುರುತುಗಳು

ಕೆಳಗಿನವುಗಳಲ್ಲಿ ಒಂದಿದ್ದರೂ ಅದನ್ನು ಬರೀ ಟೊಂಕ ನೋವೆಂದು ಬಿಡಬಾರದು:

1. ಆರು ವಾರ ಕಳೆದರೂ ಕಡಿಮೆಯಾಗದೆ ನಿಧಾನವಾಗಿ ಏರುತ್ತಿರುವ ನೋವು.

2. ಮಲಗಿದಾಗಲೂ ಬಿಡದ, ರಾತ್ರಿ ನಿದ್ದೆ ಕೆಡಿಸುವ ನೋವು. ಚಿಕ್ಕ ಮಕ್ಕಳು ನಿದ್ದೆಯಲ್ಲಿ ಚೀರಿ ಏಳುವುದು.

3. ಸಂಜೆಯ ಹೊತ್ತು ಸಣ್ಣ ಜ್ವರ, ರಾತ್ರಿ ಬೆವರು, ಹಸಿವು ಇಲ್ಲದಿರುವುದು, ಮೈ ಇಳಿಯುವುದು. ರವಿಕೆ, ಅಂಗಿ ಸಡಿಲವಾದವೆಂದರೆ ತೂಕ ನೋಡಿಸಿ.

4. ಬೆನ್ನಿನ ನಡುಗೆರೆಯಲ್ಲಿ ಒಂದೇ ಜಾಗ ಒತ್ತಿದರೆ ನೋವು, ಅಥವಾ ಅಲ್ಲಿ ಒಂದು ಎಲುಬು ಗಂಟಿನಂತೆ ಹೊರಗೆ ಬಂದಿರುವುದು.

5. ಬೆನ್ನಿನ ಪಕ್ಕ, ತೊಡೆಸಂದಿನಲ್ಲಿ ಅಥವಾ ತೊಡೆಯ ಮೇಲೆ ಬಿಸಿಯಿಲ್ಲದ, ಕೆಂಪಾಗದ ಬಾವು.

6. ನೆಲದಲ್ಲಿ ಬಿದ್ದ ವಸ್ತುವನ್ನು ಬಗ್ಗಿ ತೆಗೆಯದೆ, ಬೆನ್ನು ನೆಟ್ಟಗಿಟ್ಟು ಮಂಡಿಯೂರಿ ತೆಗೆಯುವ ಮಗು.

7. ಕಾಲು ಜೋಮು ಹಿಡಿಯುವುದು, ನಡೆಯುವಾಗ ಎಡವುವುದು, ಚಪ್ಪಲಿ ಕಾಲಿನಿಂದ ಕಳಚಿದ್ದು ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ತಡೆಯಲಾಗದಿರುವುದು.

ಏಳನೆಯದು ಕಂಡರೆ ಸಂತೆಯ ದಿನಕ್ಕೆ ಕಾಯಬೇಡಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೊರಡಿ.

ಎಲುಬಿಗೆ ಕ್ಷಯ ಹೇಗೆ ಬರುತ್ತದೆ?

ಕ್ಷಯದ ರೋಗಾಣು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಸೇರುತ್ತದೆ. ಅಲ್ಲಿಂದ ರಕ್ತದ ಮೂಲಕ ಬೆನ್ನೆಲುಬಿಗೆ ಹೋಗಿ, ಅಕ್ಕಪಕ್ಕದ ಎರಡು ಮಣಿಗಳನ್ನೂ ನಡುವಿನ ಮೆತ್ತೆಯನ್ನೂ ನಿಧಾನವಾಗಿ ತಿನ್ನುತ್ತದೆ. ಗೆದ್ದಲು ತಿಂದ ಕಂಬದಂತೆ ಮಣಿಯ ಮುಂಭಾಗ ಕುಸಿಯುತ್ತದೆ, ಬೆನ್ನು ಮುಂದಕ್ಕೆ ಬಾಗುತ್ತದೆ. ಅದೇ ಗೂನು. ಒಳಗೆ ಕೂಡಿದ ಕೀವು ಬೆನ್ನುಹುರಿಯನ್ನು ಒತ್ತಿದರೆ ಕಾಲು ಸೋಲುತ್ತವೆ. ಮೂಳೆಗೆ ಬರುವ ಕ್ಷಯದಲ್ಲಿ ಸುಮಾರು ಅರ್ಧದಷ್ಟು ಬೆನ್ನೆಲುಬಿಗೇ ಬರುತ್ತದೆ. 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇದನ್ನು ವಿವರಿಸಿ ಬರೆದುದರಿಂದ ವೈದ್ಯರು ಇದನ್ನು ಪಾಟ್ ಕಾಯಿಲೆ ಎಂದೂ ಕರೆಯುತ್ತಾರೆ.

ಎಲುಬಿನಲ್ಲಿ ಮಾತ್ರ ಇರುವ ಕ್ಷಯ ಇನ್ನೊಬ್ಬರಿಗೆ ಹರಡುವುದಿಲ್ಲ. ತಟ್ಟೆ, ಲೋಟ ಬೇರೆ ಇಡುವುದು, ಸೊಸೆಯನ್ನು ತವರಿಗೆ ಕಳಿಸುವುದು, ಮಗುವನ್ನು ದೂರ ಇಡುವುದು ಇವೆಲ್ಲ ತಪ್ಪು. ಆದರೆ ರೋಗಿಯ ಶ್ವಾಸಕೋಶದಲ್ಲೂ ಕ್ಷಯ ಇದೆಯೇ ಎಂದು ಪರೀಕ್ಷಿಸಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಅವರ ಕಫವನ್ನೂ ತೋರಿಸಬೇಕು.

ತುಮಕೂರಿನ ಹಳ್ಳಿಗಳು ಹೇಳಿದ ಮಾತು

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರು ದವಾಖಾನೆಗೇ ಬರುವುದಿಲ್ಲ ಎಂಬ ಮಾತನ್ನು ನಾವು ಕೇಳಿದ್ದೇವೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಡಾ. ಬ್ಯಾನರ್ಜಿ ಮತ್ತು ಡಾ. ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಶ್ವಾಸಕೋಶದ ಕ್ಷಯವಿದ್ದವರ ಮನೆಮನೆಗೆ ಹೋಗಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಬೇರೆಯದೇ ಮಾತು ಹೇಳಿತು. ಬಹುತೇಕ ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ದವಾಖಾನೆಗೆ ಹೋಗಿದ್ದರು. ಆದರೆ ಅಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕೆಮ್ಮಿನ ಔಷಧದ ಸೀಸೆ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಳ್ಳುವಾಗ ಈ ಪಾಠ ಬಹಳ ಉಪಯೋಗಕ್ಕೆ ಬಂತು: ರೋಗಿಯನ್ನು ಹುಡುಕಿಕೊಂಡು ಹೋಗುವ ಮೊದಲು, ಬಾಗಿಲಿಗೆ ಬಂದ ರೋಗಿಯನ್ನು ಸರಿಯಾಗಿ ಪರೀಕ್ಷಿಸಬೇಕು.

ನಮ್ಮ ಭಾಗದಲ್ಲಿ ಇದಕ್ಕೊಂದು ಭಾಷೆಯ ತೊಡಕೂ ಸೇರಿದೆ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಮನೆಯ ಮಾತು ಕನ್ನಡವಾಗಿ ಉಳಿಯಿತು, ದವಾಖಾನೆಯ ಮಾತು ತೆಲುಗು ಅಥವಾ ಉರ್ದು ಆಯಿತು. ನಮ್ಮ ಹಿರಿಯರು ಅಲ್ಲಿ ಹೋಗಿ "ನಡುಮು ನೊಪ್ಪಿ" ಎನ್ನುತ್ತಾರೆ, ಇಲ್ಲವೆ "ಕಮರ್ ದರ್ದ್" ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸುತ್ತಾರೆ. ಅಷ್ಟನ್ನೇ ಕೇಳಿದ ವೈದ್ಯರು ನೋವಿನ ಗುಳಿಗೆ ಬರೆದುಕೊಟ್ಟರೆ ಆಶ್ಚರ್ಯವಿಲ್ಲ. ಆದ್ದರಿಂದ ತೆಲುಗು ಬಲ್ಲ ಶಾಲೆಯ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ನಾಲ್ಕು ಮಾತು ತಪ್ಪದೆ ಹೇಳಿಸಿ: ನೋವು ಶುರುವಾಗಿ ಎಷ್ಟು ವಾರ, ಜ್ವರ ಇದೆಯೇ, ತೂಕ ಇಳಿದಿದೆಯೇ, ಕಾಲಿನ ಬಲ ಹೇಗಿದೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯ ಬಂದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಏನು ಪರೀಕ್ಷೆ?

ಎಲುಬಿನ ಕ್ಷಯದಲ್ಲಿ ಕಫದ ಪರೀಕ್ಷೆ ಮಾತ್ರ ಸಾಲದು. ಎಷ್ಟೋ ರೋಗಿಗಳಿಗೆ ಕೆಮ್ಮೇ ಇರುವುದಿಲ್ಲ. ಆರಂಭದಲ್ಲಿ ಕ್ಷ-ಕಿರಣದ ಚಿತ್ರದಲ್ಲೂ ರೋಗ ಕಾಣದಿರಬಹುದು, ಎಂ.ಆರ್.ಐ. ಚಿತ್ರದಲ್ಲಿ ಬೇಗ ಕಾಣುತ್ತದೆ. ಸಾಧ್ಯವಾದಾಗ ವೈದ್ಯರು ಆ ಜಾಗದ ಕೀವನ್ನೋ ಎಲುಬಿನ ಚೂರನ್ನೋ ಸೂಜಿಯಿಂದ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದಕ್ಕೆ ಹೆದರಿ ಬೇಡವೆನ್ನಬೇಡಿ. ರೋಗ ಕ್ಷಯವೇ, ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಪರೀಕ್ಷೆಗೆ ಮೊದಲು ತಿಂಗಳುಗಟ್ಟಲೆ ನೋವಿನ ಸೂಜಿ ಹಾಕಿಸಿಕೊಂಡರೆ ನೋವು, ಜ್ವರ ಮರೆಯಾಗುತ್ತವೆ. ಒಳಗೆ ರೋಗ ಬೆಳೆಯುತ್ತಲೇ ಇರುತ್ತದೆ. ಅದರಲ್ಲೂ ಸ್ಟೀರಾಯ್ಡ್ ಬೆರೆತ ಮದ್ದು ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸಿ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ.

ಮದರಾಸಿನ ಹತ್ತು ವರ್ಷದ ಪರೀಕ್ಷೆ

ಹಿಂದೆ ಕ್ಷಯವೆಂದರೆ ಸ್ಯಾನಟೋರಿಯಂ. ತಾಂಡೂರಿನ ಹಿರಿಯರಿಗೆ ವಿಕಾರಾಬಾದಿನ ಅನಂತಗಿರಿ ಗುಡ್ಡದ ಕ್ಷಯ ಆಸ್ಪತ್ರೆ ಗೊತ್ತು. ಬೆನ್ನೆಲುಬಿನ ಕ್ಷಯವಾದರೆ ತಿಂಗಳುಗಟ್ಟಲೆ ಹಾಸಿಗೆ, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಕವಚ, ಇಲ್ಲವೆ ದೊಡ್ಡ ಶಸ್ತ್ರಕ್ರಿಯೆ. ಬಡ ರೈತನಿಗೆ ಇದು ಹೊಲ ಮಾರುವ ಮಾತಾಗಿತ್ತು. ಈ ಹೊರೆಯನ್ನು ಇಳಿಸಿದ್ದು ರೋಗಿಗಳ ಮೇಲೆ ತಾಳ್ಮೆಯಿಂದ ನಡೆಸಿದ ಸಂಶೋಧನೆ.

ಮೊದಲು, 1956ರಲ್ಲಿ ಮದರಾಸಿನಲ್ಲಿ ಶ್ವಾಸಕೋಶದ ಕ್ಷಯವಿದ್ದ ಬಡವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲಿ ಅದೇ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಬಳಿಕ ಕೊರಿಯಾ ದೇಶದಲ್ಲಿ ಬೆನ್ನೆಲುಬಿನ ಕ್ಷಯದ ಬಗ್ಗೆಯೇ ಎರಡು ಪರೀಕ್ಷೆ ನಡೆದವು. ಔಷಧ ಸರಿಯಾಗಿ ತೆಗೆದುಕೊಂಡರೆ, ತಿಂಗಳುಗಟ್ಟಲೆ ಹಾಸಿಗೆಯಿಂದಾಗಲಿ ಪ್ಲಾಸ್ಟರ್ ಕವಚದಿಂದಾಗಲಿ ಹೆಚ್ಚಿನ ಲಾಭವಿಲ್ಲ ಎಂದು 1973ರಲ್ಲಿ ಗೊತ್ತಾಯಿತು.

ಆಮೇಲಿನ ಪರೀಕ್ಷೆ ಮತ್ತೆ ಮದರಾಸಿನದು. ಅಲ್ಲಿನ ಕ್ಷಯ ಸಂಶೋಧನಾ ಕೇಂದ್ರದ ವೈದ್ಯರು ಬೆನ್ನೆಲುಬಿನ ಕ್ಷಯ ರೋಗಿಗಳನ್ನು ಮೂರು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ವೈದ್ಯರ ಇಷ್ಟಕ್ಕೆ ಬಿಟ್ಟರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಲೆಕ್ಕ ತಪ್ಪಬಹುದು. ಹೊಸ ಬೀಜವನ್ನು ಒಳ್ಳೆಯ ಮಡಿಯಲ್ಲೂ ಹಳೆಯದನ್ನು ಚೌಳು ಮಡಿಯಲ್ಲೂ ಬಿತ್ತಿ ಇಳುವರಿ ಹೋಲಿಸಿದರೆ ನಾವು ಒಪ್ಪುತ್ತೇವೆಯೇ? ಇದೂ ಹಾಗೆಯೇ. ಮೊದಲ ಗುಂಪಿಗೆ ಓಡಾಡಿಕೊಂಡೇ ಆರು ತಿಂಗಳು ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಗುಳಿಗೆ. ಎರಡನೆಯದಕ್ಕೆ ಅದೇ ಗುಳಿಗೆ ಒಂಬತ್ತು ತಿಂಗಳು. ಮೂರನೆಯದಕ್ಕೆ ದೊಡ್ಡ ಶಸ್ತ್ರಕ್ರಿಯೆಯ ಜೊತೆ ಆರು ತಿಂಗಳ ಗುಳಿಗೆ. ಹತ್ತು ವರ್ಷ ಅವರನ್ನು ಬಿಡದೆ ನೋಡಿಕೊಂಡರು.

1999ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ವರ್ಷದ ಕೊನೆಗೆ ಒಳ್ಳೆಯ ಸ್ಥಿತಿಯಲ್ಲಿದ್ದವರು: ಶಸ್ತ್ರಕ್ರಿಯೆಯ ಗುಂಪಿನಲ್ಲಿ ನೂರಕ್ಕೆ 90, ಆರು ತಿಂಗಳ ಗುಳಿಗೆಯ ಗುಂಪಿನಲ್ಲಿ 94, ಒಂಬತ್ತು ತಿಂಗಳ ಗುಳಿಗೆಯ ಗುಂಪಿನಲ್ಲಿ 99. ಅಂದರೆ ಕತ್ತರಿ ಮುಟ್ಟದೆ, ಹಾಸಿಗೆ ಹಿಡಿಯದೆ ಗುಳಿಗೆಯಿಂದಲೇ ಬಹುತೇಕ ಎಲ್ಲರೂ ಗುಣವಾದರು.

ಆದರೆ ಈ ಲೆಕ್ಕವನ್ನು ಪೂರ್ತಿ ಓದಬೇಕು. ಕಾಲು ಸೋತು ನಡೆಯಲಾಗದ ಸ್ಥಿತಿಗೆ ಬಂದವರನ್ನು ಈ ಪರೀಕ್ಷೆಗೆ ಸೇರಿಸಿರಲಿಲ್ಲ. ಇದು ಬೇಗ ಬಂದವರ ಫಲ. ಇನ್ನೊಂದು, 15 ವರ್ಷದೊಳಗಿನ ಮಕ್ಕಳಲ್ಲಿ ಗೂನು ಆರಂಭದಲ್ಲೇ 30 ಡಿಗ್ರಿ ದಾಟಿದ್ದರೆ ಗುಳಿಗೆ ರೋಗವನ್ನು ಕೊಂದರೂ ಗೂನು ಹೆಚ್ಚುತ್ತಲೇ ಹೋಯಿತು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಇಂಥ ಮಕ್ಕಳನ್ನು 15 ವರ್ಷ ಅನುಸರಿಸಿ, ಯಾವ ಮಗುವಿನ ಗೂನು ಮುಂದೆ ಬೆಳೆಯಬಹುದು ಎಂಬುದನ್ನು ಕ್ಷ-ಕಿರಣದ ಚಿತ್ರದಲ್ಲೇ ಮೊದಲೇ ಗುರುತಿಸುವ ಲಕ್ಷಣಗಳನ್ನು 2001ರಲ್ಲಿ ತಿಳಿಸಿದರು. ಆದ್ದರಿಂದ ಮಗುವಿಗೆ ಈ ರೋಗ ಬಂದು ವಾಸಿಯಾದ ಮೇಲೂ ಬೆಳವಣಿಗೆ ಮುಗಿಯುವವರೆಗೆ ವರ್ಷ ವರ್ಷ ತೋರಿಸುತ್ತಿರಬೇಕು.

ಹಾಗಾದರೆ ಶಸ್ತ್ರಕ್ರಿಯೆ ಯಾರಿಗೆ? ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿದ್ದ ಡಾ. ಎಸ್. ಎಂ. ತುಲಿ 1975ರಲ್ಲಿ ನಡುದಾರಿಯೊಂದನ್ನು ತೋರಿಸಿದರು. ಎಲ್ಲರಿಗೂ ಮೊದಲು ಔಷಧ. ಅದಕ್ಕೆ ಬಗ್ಗದವರಿಗೆ, ಕಾಲಿನ ಬಲ ಮರಳದವರಿಗೆ ಅಥವಾ ಕುಗ್ಗುತ್ತಲೇ ಹೋಗುವವರಿಗೆ ಶಸ್ತ್ರಕ್ರಿಯೆ. ಇಂದೂ ವೈದ್ಯರು ಹೆಚ್ಚಾಗಿ ಇದೇ ದಾರಿಯಲ್ಲಿ ನಡೆಯುತ್ತಾರೆ. ಯಾರಾದರೂ ಮೊದಲ ದಿನವೇ ಶಸ್ತ್ರಕ್ರಿಯೆ ಎಂದರೆ, ಕಾಲಿನ ಬಲ ಚೆನ್ನಾಗಿದ್ದಲ್ಲಿ, ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ರೋಗಿಯ ಹಕ್ಕು. ಕಾಲು ಸೋಲುತ್ತಿದ್ದರೆ ಮಾತ್ರ ತಡಮಾಡಬೇಡಿ.

ಮನೆಯಲ್ಲಿ ಚಿಕಿತ್ಸೆ

ಕ್ಷಯದ ಔಷಧ ಸರಕಾರಿ ದವಾಖಾನೆಯಲ್ಲಿ ಉಚಿತ. ಬೆನ್ನೆಲುಬಿನ ಕ್ಷಯಕ್ಕೆ ಈಗ ನಮ್ಮ ದೇಶದಲ್ಲಿ ಕಡಿಮೆಯೆಂದರೆ 12 ತಿಂಗಳು, ಬೇಕಾದರೆ 18 ತಿಂಗಳವರೆಗೆ ಔಷಧ ಕೊಡುತ್ತಾರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ತೂಕ ನೋಡಿ ಗುಳಿಗೆಯ ಲೆಕ್ಕ.

ಎರಡು ಮೂರು ತಿಂಗಳಲ್ಲಿ ನೋವು ಇಳಿದು ಹಸಿವು ಹೆಚ್ಚುತ್ತದೆ. ಅಪಾಯ ಇರುವುದೇ ಅಲ್ಲಿ. "ಗುಣವಾಯಿತು, ರಾಶಿಯ ಕಾಲ ಬಂತು" ಎಂದು ಗುಳಿಗೆ ಬಿಟ್ಟರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದಂತೆ ಬಲಿಯಬಹುದು. ಕಳೆಯನ್ನು ಮೇಲೆ ಕೊಯ್ದು ಬೇರು ಬಿಟ್ಟಂತೆ.

ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂದವಾದರೆ ಕೂಡಲೇ ವೈದ್ಯರಿಗೆ ತೋರಿಸಿ. ಕುಡಿತ ಪೂರ್ತಿ ಬಿಡಬೇಕು. ಔಷಧ ಮತ್ತು ಸಾರಾಯಿ ಎರಡನ್ನೂ ಯಕೃತ್ತು ತಾಳಲಾರದು. ಆಹಾರದಲ್ಲಿ ಜೋಳದ ರೊಟ್ಟಿ, ತೊಗರಿ ಬೇಳೆ, ಕಡಲೆ, ಶೇಂಗಾ, ಮೊಟ್ಟೆ, ಹಾಲು, ಸೊಪ್ಪು ಇರಲಿ. ಪೌಷ್ಟಿಕ ಆಹಾರಕ್ಕೆಂದು ಕ್ಷಯ ರೋಗಿಗಳಿಗೆ 2018ರಿಂದ ಸರಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1000 ರೂಪಾಯಿ. ಇದು ಬ್ಯಾಂಕ್ ಖಾತೆಗೆ ಬರುತ್ತದೆ. ಆಶಾ ಕಾರ್ಯಕರ್ತೆಯರನ್ನು ಕೇಳಿ ಹೆಸರು ದಾಖಲಾಗಿದೆಯೇ ನೋಡಿಕೊಳ್ಳಿ. ಕಬ್ಬಿನ ಕೆಲಸಕ್ಕೋ ಹೈದರಾಬಾದಿನ ಕೂಲಿಗೋ ಹೋಗಬೇಕಾದರೆ, ಬೀದರ, ಕಲಬುರಗಿಯ ನೆಂಟರ ಮನೆಯಲ್ಲಿ ಇರಬೇಕಾದರೆ, ಮೊದಲೇ ತಿಳಿಸಿ ಚಿಕಿತ್ಸೆಯನ್ನು ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ರೋಗಿಯ ನಿಕ್ಷಯ್ ಸಂಖ್ಯೆ ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ.

ಕಾಲಿನ ಬಲ ಹೋದವರ ಆರೈಕೆ

ತಡವಾಗಿ ಬಂದು ಕಾಲು ಸೋತವರಲ್ಲೂ ಅನೇಕರಿಗೆ ಚಿಕಿತ್ಸೆಯಿಂದ ಬಲ ಮರಳುತ್ತದೆ. ಆದರೆ ಆ ತಿಂಗಳುಗಳಲ್ಲಿ ಮನೆಯ ಆರೈಕೆ ತಪ್ಪಿದರೆ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು ಜೀವಕ್ಕೇ ಅಪಾಯ ತರುತ್ತವೆ.

ರೋಗಿಯನ್ನು ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಬ್ಬರು ಸೇರಿ ಬೆನ್ನು ತಿರುಚದಂತೆ ಮರದ ದಿಮ್ಮಿಯ ಹಾಗೆ ಒಟ್ಟಿಗೆ ಹೊರಳಿಸಬೇಕು. ಟೊಂಕ, ಹಿಮ್ಮಡಿ, ಚಪ್ಪೆಯ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ. ಹಾಸಿಗೆಯ ಬಟ್ಟೆ ಒಣಗಿರಲಿ, ಸುಕ್ಕು ಬೇಡ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿನೀರಿನ ಸೀಸೆ, ಕೆಂಡದ ಕಾವು ಎಂದೂ ಬೇಡ. ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ. ಕೀಲುಗಳು ಬಿಗಿಯದಂತೆ ದಿನಕ್ಕೆ ಎರಡು ಸಲ ಕಾಲುಗಳನ್ನು ಮೆಲ್ಲಗೆ ಮಡಿಸಿ ಚಾಚಿ. ಮೂತ್ರದ ಕೊಳವೆ ಇದ್ದರೆ ಅದನ್ನು ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ಬಲ ಮರಳದಿದ್ದರೂ ಬದುಕು ಮುಗಿಯಿತೆಂದು ತಿಳಿಯಬಾರದು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಡಾ. ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲಿನ ಬಲ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಬೆನ್ನುಹುರಿ ರೋಗಿಗಳಿಗೆ ಮತ್ತೆ ಬದುಕಲು ಕಲಿಸುವ ಕೇಂದ್ರ ಆರಂಭವಾಯಿತು. ಇಂದು ಅದು ಅವರ ಹೆಸರಿನಲ್ಲೇ ನಡೆಯುತ್ತಿದೆ.

ದನಕರು ಇರುವ ಮನೆಗೆ ಒಂದು ಮಾತು

ಬೆನ್ನು ನೋವು ಮತ್ತು ಬಂದು ಹೋಗುವ ಜ್ವರಕ್ಕೆ ಬ್ರುಸೆಲ್ಲೋಸಿಸ್ ಎಂಬ ಇನ್ನೊಂದು ರೋಗವೂ ಕಾರಣವಾಗಬಹುದು. ಇದು ದನ, ಎಮ್ಮೆ, ಆಡು, ಕುರಿಗಳಿಂದ ಬರುತ್ತದೆ. ಇದೂ ಬೆನ್ನೆಲುಬಿಗೆ ಇಳಿಯುತ್ತದೆ, ಕ್ಷಯದಂತೆಯೇ ಕಾಣುತ್ತದೆ, ಆದರೆ ಔಷಧ ಬೇರೆ. ಆದ್ದರಿಂದ ಹಟ್ಟಿಯಲ್ಲಿ ದನ ಕಂದು ಹಾಕಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ. ಕಂದು, ಮಾಸನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಸರಕಾರದ ಪಶುವೈದ್ಯ ಇಲಾಖೆಯಿಂದ ಸಿಗುತ್ತದೆ.

ನೆನಪಿಡಿ

ಆರು ವಾರ ದಾಟಿದ ಬೆನ್ನು ನೋವಿಗೆ ಇನ್ನೊಂದು ಸೂಜಿ ಬೇಡ, ಪರೀಕ್ಷೆ ಬೇಕು. ಜ್ವರ, ತೂಕ ಇಳಿತ, ಕಾಲಿನ ಜೋಮು ಇದ್ದರೆ ಆರು ವಾರವೂ ಕಾಯಬೇಡಿ. ಕ್ಷಯವೆಂದು ತಿಳಿದರೆ ಹೆದರಬೇಡಿ, ಮುಚ್ಚಿಡಬೇಡಿ, ಗುಳಿಗೆ ನಡುವೆ ಬಿಡಬೇಡಿ. ಈ ವಾರ ನಿಮ್ಮ ಮನೆಯಲ್ಲಿ ಬಹಳ ದಿನದಿಂದ ಟೊಂಕ ಹಿಡಿದು ಕುಳಿತವರು ಯಾರಿದ್ದಾರೆ ನೋಡಿ. ಅವರ ಪಕ್ಕ ಕುಳಿತು ಮೇಲಿನ ಏಳು ಗುರುತುಗಳನ್ನು ಒಂದೊಂದಾಗಿ ಕೇಳಿ.